ಹಿಡಿ ಹಿಂಡಿ

"ಬೇಡ, ಬೇಡ, ತಿನ್ನಿಸ್ಬೇಡಿ!" ಎನ್ನುತ್ತಾ ಸೊಸೆ ಕೊಟ್ಟಿಗೆಗೆ ನುಗ್ಗಿ, ಹಸುವಿನ ಮೂತಿಯಡಿಯಿಂದ ಬಕೆಟ್ಟು ಎಳೆದುಕೊಂಡಳು. ಅರ್ಧ ಹಿಂಡಿ ನೆಲಕ್ಕೆ ಚೆಲ್ಲಿತು. ತುಂಬುಗಬ್ಬದ ಹಸು ನಾಲಗೆ ಚಾಚಿ ಅವಳ ಸೆರಗನ್ನೇ ನೆಕ್ಕಿತು.

ಬಕೆಟ್ಟು ಇಟ್ಟಿದ್ದ ಪಕ್ಕದ ಮನೆಯಾಕೆ ಪೆಚ್ಚಾದಳು. "ಅಯ್ಯೋ, ಪಾಪ, ಬೆಳಗ್ಗಿಂದ ಕೂಗ್ತಿತ್ತು. ಇವತ್ತು ನಿಮಗೆಲ್ಲಿ ಪುರುಸೊತ್ತು ಅಂತ ನಾನೇ ಹಾಕ್ದೆ."

"ಯಾವ ಚೀಲದ್ದು ಅಕ್ಕಾ?"

"ಬಾಗಿಲ ಮೂಲೇದು."

ಅದು ಅಂಗಡಿಗೆ ವಾಪಸ್ಸು ಕೊಡಲೆಂದು ಎತ್ತಿಟ್ಟ ಚೀಲ. ತಳ ನೆಂದು ಬೂಷ್ಟು ಹಿಡಿದಿತ್ತು. ಸದ್ಯ, ಹಸು ಇನ್ನೂ ಬಾಯಿ ಹಾಕಿರಲಿಲ್ಲ. ಸೊಸೆ ಚೆಲ್ಲಿದ್ದನ್ನೆಲ್ಲ ಗುಡಿಸಿ, ಬಕೆಟ್ಟು ತೊಳೆದು ಬೋರಲು ಹಾಕಿದಳು.

ಮುಂದಿನ ಕೋಣೆಯಲ್ಲಿ ಅತ್ತೆಯ ಹೆಣವಿತ್ತು. ಗದ್ದಲ ಕೇಳಿ ನಾದಿನಿ ಹಿಂಬಾಗಿಲಿಗೆ ಬಂದಳು. ಅತ್ತೂ ಅತ್ತೂ ಅವಳ ಕಣ್ಣು ಊದಿದ್ದವು. ನಾಲಗೆಗೆ ಮಾತ್ರ ಏನೂ ಆಗಿರಲಿಲ್ಲ.

"ಅಮ್ಮ ಅಲ್ಲಿ ಹೆಣವಾಗಿದಾಳೆ, ನಿನಗೆ ಹಸು ಹೆಚ್ಚಾಯ್ತಾ? ನೀನು ಬಂದ ವರ್ಷವೇ ಕೊಟ್ಟಿಗೇಲಿ ಒಂದು ಕರೂ ಉಳೀಲಿಲ್ಲ. ಈಗ ಅಮ್ಮನೂ ಹೋದ್ಲು. ಎಂಥಾ ಕಾಲ್ಗುಣವೋ ಮಾರಾಯ್ತಿ!"

ಅದು ಅತ್ತೆಯ ಬಾಯಲ್ಲೇ ಹುಟ್ಟಿದ ಮಾತು. ಅತ್ತೆ ಅದನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಸೊಸೆ ಒಮ್ಮೆಯೂ ಕೇಳಿರಲಿಲ್ಲ. ಇನ್ನು ಕೇಳುವ ಹಾಗೂ ಇರಲಿಲ್ಲ. ಸಾವಿಗಿಂತ ಹೆಚ್ಚಾಗಿ ಅದೇ ಅವಳನ್ನು ಸುಡುತ್ತಿತ್ತು.

*

ಅವಳು ಮದುವೆಯಾಗಿ ಬಂದ ವರ್ಷ ಒಂದು ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಹಿಂದೆಯೇ ಇನ್ನೊಂದು. ಕಡಸು ಮತ್ತೆ ಮತ್ತೆ ಬೆದೆಗೆ ಬಂದರೂ ಗಬ್ಬ ನಿಲ್ಲಲಿಲ್ಲ. ಅತ್ತೆ ಡೈರಿಗೆ ಹಾಲು ಹಾಕುವ ಸಾಲಿನಲ್ಲೇ, ನಾಲ್ಕು ಜನರ ಮುಂದೆ, "ಇವಳ ಕಾಲ್ಗುಣ" ಎಂದುಬಿಟ್ಟಳು.

ದನದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ರೋಗ ಯಾವುದೂ ಸಿಗಲಿಲ್ಲ. ಕೊನೆಗೆ ಹಿಂಡಿ ಚೀಲಕ್ಕೆ ಕೈ ಹಾಕಿ, ಗಂಟುಗಂಟಾದ ಒಂದು ಹೆಂಟೆಯನ್ನು ಎತ್ತಿದರು.

"ಇದನ್ನ ಹಾಕ್ತಿದ್ದದ್ದು ಯಾರು?"

"ನಾನೇ," ಎಂದಳು ಅತ್ತೆ. "ಮೇಲಿನ ಬೂಷ್ಟು ಕೆರೆದು ತೆಗೀತೀನಲ್ಲ. ಹಾಗಂತ ಚೀಲಕ್ಕೆ ಚೀಲ ಬಿಸಾಡಕ್ಕಾಗುತ್ತಾ?"

"ಬೂಷ್ಟು ಕೆರೆದ್ರೆ ಹೋಗುತ್ತೆ, ಅದರ ವಿಷ ಹೋಗಲ್ಲಮ್ಮ. ಒಳಗೆಲ್ಲ ಇಳಿದಿರುತ್ತೆ, ಬೇಯಿಸಿದ್ರೂ ಹೋಗಲ್ಲ. ನೇರ ಗರ್ಭಕ್ಕೇ ಹೊಡೆಯುತ್ತೆ. ಬೆದೆ ಕೆಡುತ್ತೆ, ಗಬ್ಬ ನಿಲ್ಲಲ್ಲ, ನಿಂತ್ರೂ ಕೆಲವು ಕಂದು ಹಾಕ್ತವೆ."

ಹಿಂಡಿಯ ಪರೀಕ್ಷೆಯೂ ಅದನ್ನೇ ಹೇಳಿತು. ಅತ್ತೆ ಆ ಚೀಲ ಹೊತ್ತುಕೊಂಡು ಅಂಗಡಿಗೆ ಹೋಗಿ ಬಂದಳು. ಮರುದಿನ ಬೆಳಗ್ಗೆ ಒಂದು ಹಿಡಿ ಹಿಂಡಿ ತಂದು ಸೊಸೆಯ ಮೂಗಿನ ಮುಂದೆ ಹಿಡಿದಳು.

"ಮುಗ್ಗಲು ವಾಸನೆ ಇದೆಯಾ ನೋಡೇ. ನನ್ನ ಮೂಗು ಕಟ್ಟಿದೆ."

ಪಕ್ಕದ ಮನೆಯಲ್ಲಿ ಹಾಲು ಸೀದರೂ ಇಲ್ಲಿಂದಲೇ ಕೂಗಿ ಹೇಳುವ ಮೂಗು ಅದು! ಅಂದಿನಿಂದ ದಿನಾ ಬೆಳಗ್ಗೆ ಕಟ್ಟಿಯೇ ಇರುತ್ತಿತ್ತು. ಅತ್ತೆ ಹಾಸಿಗೆ ಹಿಡಿದ ಮೇಲೆ ಸೊಸೆಯೇ ಹಿಡಿ ಹಿಂಡಿಯನ್ನು ಮಂಚದ ಬಳಿ ಒಯ್ಯುತ್ತಿದ್ದಳು. "ನೀನೇನಂತೀಯ?" ಎಂದು ಅತ್ತೆ ಕೇಳುವಳು. "ಚೆನ್ನಾಗಿದೆ" ಎಂದರೆ, "ಹಾಗಾದ್ರೆ ಹಾಕು."

*

ಹಿಂಡಿ ಅಂಗಡಿಯವನು ಬಂದು, ಹೆಣಕ್ಕೆ ಕೈಮುಗಿದು, ಹಿತ್ತಲಿಗೆ ಬಂದ. ನಾದಿನಿ ಪಕ್ಕದ ಮನೆಯಾಕೆಯ ಹತ್ತಿರ ಇನ್ನೂ ಅದೇ ರಾಗ ಹಾಡುತ್ತಿದ್ದಳು.

"ಕಾಲ್ಗುಣಾನಾ?" ಎಂದ ಅವನು. "ಆ ಮಾತು ನಿಮ್ಮಮ್ಮನೇ ಮುಗಿಸಿ ಹೋದ್ರಲ್ಲಮ್ಮ. ಆ ವರ್ಷ ಅಂಗಡಿ ತುಂಬ ಜನ ಇದ್ದಾಗ ಚೀಲ ತಂದು ಕುಕ್ಕಿದ್ರು. 'ನಮ್ಮ ಕರುಗಳನ್ನ ಕೊಂದದ್ದು ನನ್ನ ಕೈ ಕಣಯ್ಯಾ, ಸೊಸೆ ಕಾಲಲ್ಲ. ಇನ್ಮೇಲೆ ಅವಳ ಮೂಗು ಒಪ್ಪಿದ್ರೇನೇ ನಿನ್ನ ವ್ಯಾಪಾರ' ಅಂದ್ರು. ಕೇಳಿಸ್ಕೊಂಡೋರು ಇನ್ನೂ ಇದ್ದಾರೆ."

ನಾದಿನಿಯ ಮುಖ ಸಣ್ಣಗಾಯಿತು. "ನನ್ನ ಹತ್ರ ಹೇಳ್ಲೇ ಇಲ್ಲ," ಎಂದಳು.

"ನನ್ನ ಹತ್ರಾನೂ," ಎಂದಳು ಸೊಸೆ. ಬೆಳಗಿನಿಂದ ಬಾರದ ಅಳು ಈಗ ಒತ್ತರಿಸಿಕೊಂಡು ಬಂತು. "ಊರಿಗೆಲ್ಲ ಹೇಳಿದ್ರಿ. ಮನೇಲಿ ಒಂದು ಮಾತು ಅನ್ನೋಕೆ ಏನಾಗಿತ್ತು ಅತ್ತೆ ನಿಮಗೆ?" ಸಿಟ್ಟೂ ಪ್ರೀತಿಯೂ ಒಟ್ಟಿಗೇ ಬಂದವು.

"ಹೊತ್ತಾಯ್ತು, ಎತ್ತೋಣ," ಎಂದು ಒಳಗಿನಿಂದ ಗಂಡ ಕೂಗಿದ.

ಅದೇ ಹೊತ್ತಿಗೆ ಹಸು ಮತ್ತೆ ಕೂಗಿತು. ಸೊಸೆ ಕಣ್ಣೊರೆಸಿಕೊಂಡು ಒಳ್ಳೆಯ ಚೀಲದಿಂದ ಒಂದು ಹಿಡಿ ಹಿಂಡಿ ತೆಗೆದು ಮೂಸಿದಳು. ಕಾಲು ತಾನಾಗಿಯೇ ಮುಂದಿನ ಕೋಣೆಗೆ ನಡೆಯಿತು. ಕೂತವರು ದಾರಿ ಬಿಟ್ಟರು. ಅವಳು ಬಗ್ಗಿ, ಅತ್ತೆಯ ಮುಖದ ಬಳಿ ಅಂಗೈ ಬಿಡಿಸಿದಳು.

"ಚೆನ್ನಾಗಿದೆ ಅತ್ತೆ. ಹಾಕ್ಲಾ?"

ನಾದಿನಿ ಹಿತ್ತಲಿಗೆ ಹೋಗಿ, ತೊಳೆದ ಬಕೆಟ್ಟು ತಂದು, ಆ ಕೈಯ ಕೆಳಗೆ ಹಿಡಿದಳು.