ನಲ್ಲಿ ತಿರುಗಿಸಿದ ಕೈ

ಹೆಣದ ಊದಿಕೊಂಡ ಪಾದವನ್ನು ಬೂಟಿನೊಳಗೆ ತೂರಿಸಲು ಕ್ಲೆಲಿಯಾ ಹೆಣಗುತ್ತಿದ್ದಳು. ಬದುಕಿದ್ದಾಗ ಎಲ್ಲದಕ್ಕೂ ಬಗ್ಗಿದ ಅಪ್ಪ ಎವಾಸಿಯೊ ಸತ್ತ ಮೇಲೆ ಸೆಟೆದುಕೊಂಡಿದ್ದ. ಬಾಗಿಲಲ್ಲಿ ಅತ್ತರಿನ ವಾಸನೆ ಹೊಡೆಯಿತು; ಅದರ ಹಿಂದೆಯೇ ವೈನ್ ಮನೆಯ ಯಜಮಾನ ಸಿಲ್ವೆರಿಯೊ ಆರು ಬಾಟಲಿಗಳ ಪೆಟ್ಟಿಗೆ ಹೊತ್ತು ಬಂದ.

"ಬೂಟು ಬಿಡಮ್ಮ, ಶವಪೆಟ್ಟಿಗೆಗೆ ಮುಚ್ಚಳ ಹಾಕಿದ ಮೇಲೆ ಯಾರು ನೋಡ್ತಾರೆ? ಈ ವೈನು ಮಣ್ಣು ಮಾಡಿ ಬಂದ ಮೇಲಿನ ಊಟಕ್ಕೆ. ನಲವತ್ತು ವರ್ಷ ನಮ್ಮ ನೆಲಮಾಳಿಗೆ ಕಾದವನಲ್ವಾ! ಇನ್ನೊಂದು ಮಾತು..." ಜೇಬಿನಿಂದ ಅಪ್ಪನ ಮುಖ ಅಚ್ಚಾದ ಲೇಬಲ್ಲು, ಜೊತೆಗೊಂದು ಕಾಗದ ಹೊರಬಂದವು. "ಮುಂದಿನ ವರ್ಷ ಬಾಟಲಿಗಳ ಮೇಲೆಲ್ಲ ಇವನೇ. ಒಂದು ಸಹಿ ಹಾಕು, ಸಾಕು."

"ಮೊದಲು ಮಣ್ಣು ಮಾಡಿ ಬರೋಣ, ಯಜಮಾನ್ರೇ," ಎಂದಳು. ಮತ್ತೆ ಬೂಟಿಗೇ ಕೈ ಹಾಕಿದಳು.

*

ಊರ ಸುತ್ತಲಿನ ಲಾಂಗೆ ಗುಡ್ಡಗಳಲ್ಲಿ ಬೆಳೆಯುವ ನೆಬ್ಬಿಯೋಲೊ ದ್ರಾಕ್ಷಿಯ ವೈನಿಗೆ ಬಣ್ಣ ತೆಳು. ಲೋಟದಾಚೆಯ ಬೆರಳು ಕಾಣುತ್ತದೆ. ಎಳೆಯದಾದರೆ ಒಗರು ವಸಡನ್ನೇ ಹಿಡಿದೆಳೆಯುತ್ತದೆ. ಹತ್ತು ವರ್ಷ ಕಾದವರಿಗೆ ಮಾತ್ರ ಒಣಗುಲಾಬಿಯ, ಡಾಂಬರಿನ ಘಮ ಬಿಟ್ಟುಕೊಡುತ್ತದೆ. "ನಮ್ಮಜ್ಜಿ ಥರ ಕಣೇ ಇದು. ಮೊದಲು ಬೈಗುಳ, ಆಮೇಲೆ ಮಿಠಾಯಿ," ಎನ್ನುತ್ತಿದ್ದ ಅಪ್ಪ.

ಕೊಳ್ಳುವವರಿಗೆ ಕಾಯುವ ಪುರುಸೊತ್ತಿರಲಿಲ್ಲ. ವೈನು ಕಪ್ಪಗಿರಬೇಕು, ನುಣ್ಣಗೆ ಇಳಿಯಬೇಕು. ಹನ್ನೊಂದು ವರ್ಷದ ಹಿಂದೆ, ಊರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತ ಹೊತ್ತಿನಲ್ಲಿ, ದೇಶದ ದಕ್ಷಿಣದಿಂದ ಅಗ್ಗದ ಕಪ್ಪು ವೈನ್ ತುಂಬಿದ ಟ್ಯಾಂಕರ್ ಸಿಲ್ವೆರಿಯೊನ ನೆಲಮಾಳಿಗೆಗೆ ಬಂತು. ಅಂದು ಮನೆಗೆ ಬಂದ ಅಪ್ಪ ನೇರ ಬಚ್ಚಲಿಗೆ ಹೋಗಿ ಕಾರಿಕೊಂಡ.

"ನಮ್ಮ ವೈನಿಗೆ ಅದನ್ನ ಬೆರೆಸೋಕೆ ನಲ್ಲಿ ತಿರುಗಿಸಿದ್ದು ನಾನೇ, ಕ್ಲೆಲಿಯಾ."

"ಯಾರಿಗಾದ್ರೂ ಹೇಳಪ್ಪ!"

"ಯಾರಿಗೆ ಹೇಳಲಿ? ಊರಿನ ರೊಟ್ಟಿಯೆಲ್ಲ ಆ ಯಜಮಾನನ ಒಲೆಯಲ್ಲೇ ಬೇಯೋದು."

ಆಮೇಲೆ ಅವನು ಆ ವೈನ್ ಕುಡಿಯಲಿಲ್ಲ. ವರ್ಷವರ್ಷವೂ ನಲ್ಲಿಯನ್ನಂತೂ ತಿರುಗಿಸಿದ. ಕ್ಲೆಲಿಯಾಳಿಗೆ ಯಜಮಾನನಿಗಿಂತ ಅಪ್ಪನ ಮೇಲೇ ಹೆಚ್ಚು ಹೇಸಿಗೆ. ಅವನ ತಟ್ಟೆಯನ್ನು ಬೇರೆಯಾಗಿ ತೊಳೆಯುತ್ತಿದ್ದಳು.

*

ಮಣ್ಣು ಮಾಡಿ ಬಂದವರು ಮೇಜಿನ ಸುತ್ತ ಕೂತರು. ಸಿಲ್ವೆರಿಯೊ ಕಾಗದವನ್ನು ಅವಳ ಮುಂದೆ ಸರಿಸಿ, ತಾನೇ ಎಲ್ಲರಿಗೂ ಆ ಕಪ್ಪು ವೈನು ಬಗ್ಗಿಸಿದ. "ನಮ್ಮ ಎವಾಸಿಯೊ ಕೈಯಲ್ಲಿ ಹುಟ್ಟಿದ ವೈನು!"

ಎಲ್ಲರೂ ಕುಡಿದರು. ಕ್ಲೆಲಿಯಾಳೂ ಒಂದು ಗುಟುಕು ಬಾಯಿಗಿಟ್ಟಳು. ಬೆಂದು ಕೊಳೆತ ಹಣ್ಣಿನಂಥ ಅಂಟು ನಾಲಿಗೆಗೆ ಮೆತ್ತಿಕೊಂಡಿತು. ತಟ್ಟೆಗೆ ಉಗುಳಿದಳು.

"ನಿಜ, ಅಪ್ಪನ ಕೈಯದೇ. ಟ್ಯಾಂಕರಿನ ನಲ್ಲಿ ತಿರುಗಿಸಿದ ಕೈ ಅದು. ನಿಮಗ್ಯಾರಿಗೂ ಗೊತ್ತೇ ಇಲ್ವಾ?" ಎನ್ನುತ್ತ ಸಹಿಯ ಕಾಗದದ ಮೇಲೆ ಕುದಿಯುವ ಸಾರಿನ ಪಾತ್ರೆ ಕುಕ್ಕಿದಳು.

ಪಾದ್ರಿ ತಲೆ ತಗ್ಗಿಸಿ ರೊಟ್ಟಿ ಮುರಿದರು. ಅಪ್ಪನ ಜೊತೆ ಪೀಪಾಯಿ ಉರುಳಿಸುತ್ತಿದ್ದ ಮುದುಕ ಬೆರ್ತೀನೊ ಅವಳ ತೋಳು ಸವರಿದ.

"ದುಃಖ ಕಣಮ್ಮ, ಏನೇನೋ ಆಡಿಸುತ್ತೆ. ಸಾರು ಬಡಿಸು, ಆರೋಗುತ್ತೆ," ಎಂದವನೇ ಖಾಲಿ ಲೋಟವನ್ನು ಯಜಮಾನನತ್ತ ಚಾಚಿದ.

ಮೇಜಿನ ಸುತ್ತ ಎಲ್ಲರೂ ಅವಳತ್ತ ಮರುಕದಿಂದ ನಕ್ಕರು. ಒಬ್ಬೊಬ್ಬರ ಹಲ್ಲೂ ಮಸಿ ಮೆತ್ತಿದಂತೆ ಕಪ್ಪಾಗಿತ್ತು.