ಸೋಮವಾರ ಬಂದ ಸರಕಾರ

ಸರಕಾರ ವಾರದ ಯಾವ ದಿನ ಊರಿಗೆ ಬರಬೇಕು ಎಂಬುದು ರಾಜ್ಯಶಾಸ್ತ್ರದ ಯಾವ ಗ್ರಂಥದಲ್ಲೂ ಚರ್ಚೆಯಾಗಿಲ್ಲ. ಆದರೂ ದೇಶದ ಮುನ್ನಡೆ ಇದರ ಮೇಲೆಯೇ ನಿಂತಿದೆ ಎಂಬುದಕ್ಕೆ ಮಸ್ಕಿ ಮತ್ತು ಸಿಂಧನೂರಿನ ನಡುವಿನ ಕರೇದಿನ್ನಿ ಸಾಕ್ಷಿ.

ಐವತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಗ್ರಾಮಸೇವಕ ಚಾಂದ್‌ಪಾಷಾ ಸೈಕಲ್ಲು ತಳ್ಳಿಕೊಂಡು ಬಂದು ಕಟ್ಟೆಯ ಮೇಲೆ ಸುದ್ದಿ ಹೇಳಿದ. ಬಾವಿ ತೋಡಲು ಸರಕಾರ ಅರ್ಧ ಕೊಡುತ್ತದೆ. ಇನ್ನರ್ಧ ಊರಿನದು. ದುಡ್ಡಿಲ್ಲದಿದ್ದರೆ ಮೈಬೆವರು ಕೊಟ್ಟರೂ ನಡೆಯುತ್ತದೆ. ಆದರೆ ಆ ಬೆವರನ್ನು ಸಾಹೇಬರು ಕಣ್ಣಾರೆ ನೋಡಬೇಕು. ಗುಡ್ಡದ ಕಲ್ಲು ಬಂಡಿಯಲ್ಲಿ ಬಂದು ಬಾವಿಯ ಜಾಗಕ್ಕೆ ಬೀಳುತ್ತಿರಬೇಕು.

‘ಎಂದು ಬರ್ತಾರ?’ ಎಂದ ಊರ ಗೌಡ ಬಾಲಪ್ಪ.

‘ಬರೋ ಸೋಮವಾರ.’

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅದು ಬಸವಣ್ಣನ ದಿನ. ಅಂದು ಎತ್ತಿಗೆ ಮೈ ತೊಳೆದು, ವಿಭೂತಿ ಹಚ್ಚಿ, ಮೇಯಲು ಬಿಟ್ಟು, ಸಂಜೆ ನೆನೆಸಿದ ಹುರಳಿ ತಿನ್ನಿಸುವುದು ಅಜ್ಜನ ಅಜ್ಜನಿಂದ ಬಂದ ಕಾನೂನು.

‘ಮಂಗಳವಾರ ಬರಾಕ ಹೇಳಲೇ, ಪಾಷಾ.’

‘ನಾ ಹೇಳಿದ್ರ ಬರಾಕ ಅವರೇನು ನಮ್ಮ ಸೋದರಮಾವನೇನ್ರಿ, ಗೌಡ್ರ? ಮಂಗಳವಾರ ಲಿಂಗಸುಗೂರಾಗ ಮೀಟಿಂಗ್ ಐತಿ.’

ಕಟ್ಟೆಯ ಹಿಂದಿನ ಗೋಡೆಗೆ ಒರಗಿ ಇದನ್ನೆಲ್ಲ ಸಂಗಮ್ಮ ಕೇಳುತ್ತಿದ್ದಳು. ಊರಿನ ನೀರು ಸವಳು. ಬೇಳೆ ಬೇಯುವುದಿಲ್ಲ, ಬಾಯಾರಿಕೆ ಹೋಗುವುದಿಲ್ಲ. ಸಿಹಿನೀರು ಬೇಕೆಂದರೆ ಗುಡ್ಡ ಬಳಸಿ ಹಳ್ಳಕ್ಕೆ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಮಗ ಆದೆಪ್ಪನನ್ನು ಒಬ್ಬಳೇ ಸಾಕಿ ಎತ್ತರದ ಆಳು ಮಾಡಿದ್ದಳು. ತುರ್ವಿಹಾಳದಿಂದ ಬೀಗರಾಗಬೇಕಾದವರು ಬಂದು, ಹುಡುಗನನ್ನು ನೋಡಿ ಒಪ್ಪಿ, ತಂಬಿಗೆಯ ನೀರು ಒಂದು ಗುಟುಕು ಕುಡಿದು ಮುಖ ಕಿವುಚಿದ್ದರು. ‘ಹುಡುಗ ಚೊಲೊ ಅದಾನ ತಂಗಿ. ಆದ್ರ ನಮ್ಮ ಕೂಸು ದಿನಾ ಹಳ್ಳಕ್ಕ ಹೊಂಟ್ರ ಸಂಸಾರ ಯಾವಾಗ ಮಾಡ್ತಾಳ? ಬಾವಿ ಆದ ಮ್ಯಾಲ ಹೇಳಿ ಕಳಿಸು’ ಎಂದು ಎದ್ದುಹೋಗಿದ್ದರು. ಅವರಿಗಿಂತ ಮೊದಲು ಬಂದವರೂ ಅದನ್ನೇ, ಇಷ್ಟು ಮರ್ಯಾದೆಯಿಲ್ಲದೆ, ಹೇಳಿದ್ದರು.

ಸಂಗಮ್ಮನೇ ಗೋಡೆಯಾಚೆಯಿಂದ ಕೂಗಿದಳು: ‘ಎತ್ತಿಗೆ ಸೋಮವಾರ ಐತಿ. ಗಂಡಸರಿಗೇನು ಸೋಮವಾರ?’

ಕಟ್ಟೆ ಮೊದಲು ಸಿಟ್ಟಾಯಿತು, ಆಮೇಲೆ ನಕ್ಕಿತು. ‘ಬಸ್ಸಪ್ಪಾ, ನೀ ಹ್ಯಾಂಗೂ ಎತ್ತಿಗಿಂತ ಕಡಿಮಿ ದುಡಿತಿ. ಒಂದಿನ ನೊಗ ಹೊತ್ರ ಪುಣ್ಯಾನಾದ್ರೂ ಬರ್ತೈತಿ’ ಎಂದು ಯಾರೋ ಅಂದರು. ‘ನನಗೂ ಸಂಜೀಕ ಹುರಳಿ ತಿನ್ನಸ್ತೀರೇನು?’ ಎಂದ ಬಸ್ಸಪ್ಪ. ಅಲ್ಲಿಗೆ ತೀರ್ಮಾನವಾಯಿತು. ಸೋಮವಾರ ಗಂಡಸರೇ ಬಂಡಿ ಎಳೆಯುವುದು.

ಸೋಮವಾರ ಎತ್ತುಗಳು ಮೈ ತೊಳೆಸಿಕೊಂಡು, ದೊಡ್ಡ ಮನುಷ್ಯರ ಗತ್ತಿನಲ್ಲಿ ಗುಡ್ಡದ ಮಗ್ಗುಲಿಗೆ ಮೇಯಲು ಹೋದವು. ಗಂಡಸರು ನೊಗಕ್ಕೆ ಹೆಗಲು ಕೊಟ್ಟರು. ಹೆಂಗಸರು ಹಿಂದಿನಿಂದ ನೂಕಿದರು. ಸಂಗಮ್ಮ ತನ್ನ ಬಂಡಿಯ ಗಾಲಿಯ ಅರ ಹಿಡಿದು ತಿರುಗಿಸುತ್ತಿದ್ದಾಗ ಸಾಹೇಬರ ಜೀಪು ಬಂತು.

ಸಾಹೇಬರು ಕಲಬುರ್ಗಿ ಪೇಟೆಯವರು, ವಯಸ್ಸಿನಲ್ಲಿ ಸಣ್ಣವರು, ಮನಸ್ಸು ಮೆತ್ತಗಿನದು. ಮನುಷ್ಯರು ಬಂಡಿ ಎಳೆಯುವುದನ್ನು ಕಂಡು ಜೀಪಿನಿಂದ ಇಳಿದವರೇ ಟೊಪ್ಪಿಗೆ ತೆಗೆದರು.

‘ಯಾ ಅಲ್ಲಾಹ್! ಊರಾಗ ಒಂದು ಎತ್ತೂ ಇಲ್ಲೇನು?’

ಚಾಂದ್‌ಪಾಷಾ ಬಾಯಿ ತೆರೆದ. ಸಾಹೇಬರು ಕೈಯೆತ್ತಿ ತಡೆದರು. ಅವರಿಗೆ ದುಃಖ ಉಕ್ಕಿ ಬಂದಿತ್ತು, ದುಃಖದಲ್ಲಿರುವ ಅಧಿಕಾರಿಗೆ ವಿವರ ಬೇಕಾಗುವುದಿಲ್ಲ. ‘ಗೌಡ್ರ, ಬಾವಿ ಮುಂದಿನ ವರ್ಷ ನೋಡೂಣು. ಊರಿಗೆ ವರ್ಷಕ್ಕ ಒಂದೇ ಮಂಜೂರಿ ಅದ. ಈ ಸಲ ನಿಮಗ ಎತ್ತು ಬರೀತೀನಿ. ನಾಕು ಜೋಡಿ.’

ಬಾಲಪ್ಪ ಗೌಡ ಸುಳ್ಳು ಹೇಳುವ ಮನುಷ್ಯನಲ್ಲ. ಅಂದೂ ಹೇಳಲಿಲ್ಲ. ನೊಗ ಕೆಳಗಿಳಿಸಿ ಕೈಮುಗಿದು, ‘ಸರಕಾರ ದೊಡ್ಡದ್ರಿ’ ಎಂದನಷ್ಟೆ. ಅವನ ಹಿಂದೆ ನಿಂತವರ ಕಣ್ಣಲ್ಲಿ ಆಗಲೇ ನಾಲ್ಕು ಜೋಡಿ ಎತ್ತು ಪಾಲಾಗತೊಡಗಿದ್ದವು.

ಸಂಗಮ್ಮನಿಗೆ ಮುಂದಿನ ವರ್ಷ ಎಂಬುದರ ಪರಿಚಯ ಚೆನ್ನಾಗಿತ್ತು. ಊರಿನ ಸಡಕು ನಿಜಾಮನ ಕಾಲದಿಂದಲೂ ಮುಂದಿನ ವರ್ಷವೇ ಆಗಬೇಕಾಗಿತ್ತು.

‘ಸಾಹೇಬ್ರ...’ ಎಂದಳು.

‘ಸುಮ್ಕಿರಬೇ’ ಎಂದ ಬಾಲಪ್ಪ ಹಲ್ಲು ಕಚ್ಚಿ. ‘ಬಂದ ಲಕ್ಷ್ಮೀನ್ನ ಒದಿಬ್ಯಾಡ.’

ಸಾಹೇಬರು ಜೀಪಿನ ಮೂತಿಯ ಮೇಲೆ ಕಾಗದ ಹರಡಿ ಬರೆಯತೊಡಗಿದರು. ಸಂಗಮ್ಮ ಪಕ್ಕದಲ್ಲೇ ಇದ್ದ ತನ್ನ ಹಿತ್ತಲಿಗೆ ನಡೆದಳು. ಗೋದಲಿಯ ಬಳಿ ಹುರಳಿ ನೆನೆಸಿದ ಹಿತ್ತಾಳೆ ಬೋಗುಣಿ ಇತ್ತು. ಅದನ್ನು ಕಲ್ಲಿಗೆ ಬಡಿದು, ಗುಡ್ಡಕ್ಕೆ ಮುಖ ಮಾಡಿ ದನಿಯೆತ್ತಿದಳು: ‘ಹೋ... ಹಂಡಾ! ಕರಿಯಾ! ಬರ್ರೋ!’

ಹೊತ್ತು ಮುಳುಗುವ ಮೊದಲು ಹುರಳಿ ಸಿಗುವುದು ಅವಳ ಎತ್ತು ಹಂಡನ ಜೀವಮಾನದಲ್ಲೇ ಮೊದಲ ಸಲ. ಅವನು ಯೋಚಿಸಲು ನಿಲ್ಲಲಿಲ್ಲ. ಗುಡ್ಡದ ಮಗ್ಗುಲಿಂದ ಬಾಲವೆತ್ತಿ ಓಡಿಬಂದ. ಅವನ ಹಿಂದೆ ಕರಿಯ, ಕರಿಯನ ಹಿಂದೆ, ತಮಗೆಲ್ಲಿ ತಪ್ಪೀತೋ ಎಂದು, ಊರಿನ ಎತ್ತುಗಳೆಲ್ಲ. ವಿಭೂತಿ ಹಚ್ಚಿಕೊಂಡ ಹಣೆಗಳು ಧೂಳೆಬ್ಬಿಸುತ್ತ ಬಂದು ಜೀಪನ್ನು ಸುತ್ತುವರಿದವು. ಒಂದು ಸಾಹೇಬರ ಕಾಗದ ಮೂಸಿತು.

‘ಇವು ಯಾರ ಎತ್ತು?’

ಬೋಗುಣಿ ಹಿಡಿದುಕೊಂಡೇ ಬಂದ ಸಂಗಮ್ಮ, ‘ನಮ್ಮವೇರಿ’ ಎಂದಳು. ‘ಇವತ್ತು ಸೋಮವಾರ. ಇವಕ್ಕ ರಜಾ. ನಿಮ್ಮ ಕಚೇರಿಗೆ ನಿಜಾಮನ ಕಾಲದಾಗ ಶುಕ್ರವಾರ ರಜಾ ಇತ್ತು, ಈಗ ಆಯಿತವಾರ ಆಗೈತಿ. ನಮ್ಮ ಎತ್ತಿನ ರಜಾ ಯಾರೂ ಬದಲ ಮಾಡಿಲ್ಲ.’

‘ಅದಕ್ಕ ನೀವ ಎಳದ್ರೇನು?’

‘ನೀವು ಸೋಮವಾರನ ಬರ್ತೀನಿ ಅಂದ್ರಿ. ಏನ್ ಮಾಡಬೇಕ್ರಿ?’

ಸಾಹೇಬರು ಟೊಪ್ಪಿಗೆ ಹಾಕಿಕೊಂಡರು, ತೆಗೆದರು. ಅವರಿಗೆ ಕೊಟ್ಟ ತರಬೇತಿಯಲ್ಲಿ ಇಂಥದ್ದಕ್ಕೆ ಪಾಠ ಇರಲಿಲ್ಲ. ‘ಹಂಗಾದ್ರ ಎತ್ತು ಬ್ಯಾಡೇನು?’

‘ಅವೂ ಇರ್ಲಿ ಅಂತ...’ ಎಂದ ಬಾಲಪ್ಪ, ಮೆಲ್ಲಗೆ.

‘ಬ್ಯಾಡ್ರಿ’ ಎಂದಳು ಸಂಗಮ್ಮ. ‘ಬ್ಯಾಸಿಗ್ಯಾಗ ಈ ಎತ್ತಿಗೂ ನಾವ ಹಳ್ಳದಿಂದ ನೀರು ಹೊರ್ತೀವಿ. ಇನ್ನ ನಾಕು ಜೋಡಿ ಕೊಟ್ರ ಅವಕ್ಕೂ ಹೊರಬೇಕು. ನನ್ನ ಮಗಗ ಹೆಣ್ಣು ಕೊಡವಲ್ರು ಸಾಹೇಬ್ರ, ನೀರಿಲ್ಲಂತ. ಎತ್ತು ಕಟಗೊಂಡು ಮನಿತನ ಮಾಡಾಕ ಬರ್ತೈತೇನ್ರಿ?’

ಹೆಂಗಸರ ಗುಂಪಿನಲ್ಲಿ ಮೊದಲು ನಕ್ಕವಳು ಬಾಲಪ್ಪ ಗೌಡನ ಹೆಂಡತಿ ಶೇಖರಮ್ಮ. ಆಮೇಲೆ ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು, ಆದರೆ ಅವರ ಕಣ್ಣು ಬಂಡಿಯ ನೊಗದ ಮೇಲೂ, ಬಸ್ಸಪ್ಪನ ಕಂದಿದ ಹೆಗಲ ಮೇಲೂ ಇತ್ತು. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು.

ಬಾವಿ ಮಂಜೂರಾಯಿತು. ಸರಕಾರದ ಅರ್ಧ ದುಡ್ಡು ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನೀರು ಸಿಹಿ ಬಿತ್ತು. ತುರ್ವಿಹಾಳದವರು ಅಷ್ಟರಲ್ಲಿ ಮಗಳನ್ನು ಬೇರೆ ಕಡೆ ಕೊಟ್ಟಿದ್ದರು. ಆದೆಪ್ಪನಿಗೆ ಲಿಂಗಸುಗೂರು ಕಡೆಯ ಹೆಣ್ಣು ಬಂತು.