ವಾಂತಿ ಒರೆಸಿದ ಬಟ್ಟೆ

"ಏನೇ, ಮುಖ ಕಿವುಚ್ಕೊಂಡು ನಿಂತಿದೀಯ? ನಿಮ್ಮಪ್ಪ ಬಂದು ಬಳೀತಾನಾ? ಬಾಚೇ!"

ಸೆಕ್ರೆಟರಿ ಗೋಪೀನಾಥರು ಕರ್ಚೀಫಿನಿಂದ ಮೂಗು ಹಿಡಿದು ಕ್ಲಾಸಿನ ಹೊಸ್ತಿಲ ಹೊರಗೇ ನಿಂತಿದ್ದರು. ಬ್ಯಾಡರಹಳ್ಳಿಯ ಈ ಸ್ಕೂಲು ಅವರದೇ. ಕಕ್ಕಿದವನು ಅವರ ಮೊಮ್ಮಗ ಆತ್ರೇಯ. ರಾತ್ರಿಯೆಲ್ಲ ಭೇದಿಯಾಗಿತ್ತು, ಟೆಸ್ಟ್ ತಪ್ಪಬಾರದೆಂದು ಸಿರಪ್ ಕುಡಿಸಿ ಕಳಿಸಿದರು ಎಂದು ಅವನೇ ಅಳುತ್ತಾ ಹೇಳಿದ. ಬೆಂಚಿನಿಂದ ಇಡ್ಲಿಯ ಚೂರು, ಹಳದಿ ನೀರು, ಲೋಳೆ ತೊಟ್ಟಿಕ್ಕುತ್ತಿತ್ತು. ನಾನು, ಆಯಾ ಶಂಕ್ರವ್ವ, ಬರಿಗೈಯಲ್ಲಿ ಬಳಿದು ಬಕೀಟಿಗೆ ಹಾಕಿ, ಬಟ್ಟೆಯಿಂದ ಒರೆಸಿದೆ.

"ಸಾಹೇಬ್ರ, ಊಟದ ಟೇಬಲ್ಲಿಗೆ ಬ್ಯಾರೆ ಅರಿವಿ ಕೊಡ್ರಿ. ಇದು ನಾರಾಕತ್ತೈತ್ರಿ."

"ಬಟ್ಟೆ ಏನ್ ಮರದಲ್ಲಿ ಬಿಡತ್ತಾ? ಹಿಂಡ್ಕೊಂಡು ಅದ್ರಲ್ಲೇ ಒರ್ಸು. ನಿಮ್ಮೂರಲ್ಲೇನು ರೇಷ್ಮೇಲಿ ಒರೆಸ್ತಿದ್ಯಾ?"

ಹಿಂಡಿ, ಅದರಲ್ಲೇ ಒರೆಸಿದೆ. ಮಕ್ಕಳು ಉಣ್ಣುವ ಟೇಬಲ್ಲು. ನನ್ನ ಕೈ ಕಂಡರೆ ನನಗೇ ಹೇಸಿಗೆಯಾಯಿತು. ಆದರೂ ಒರೆಸಿದೆ. ಕೆಲಸ ಹೋದರೆ ನನ್ನ ಚೇತನಾಳ ಓದೂ ಹೋಗುತ್ತದೆ. ಆಯಾಳ ಮಗಳೆಂದು ಅವಳನ್ನು ಪುಕ್ಕಟೆ ಸೇರಿಸಿಕೊಂಡಿದ್ದರು.

ವಾರದೊಳಗೆ ಅರ್ಧ ಸ್ಕೂಲಿಗೆ ವಾಂತಿಭೇದಿ. ಕಕ್ಕಸಿನಲ್ಲಿ ಕಾಲಿಡುವ ಹಾಗಿರಲಿಲ್ಲ. ಅಲ್ಲಿಯ ಸೋಪಿನ ಬಾಟಲಿಯಲ್ಲಿದ್ದದ್ದು ಗುಲಾಬಿ ಬಣ್ಣ ಕಲಸಿದ ನೀರು. ಆಗ ಹೆಡ್‌ಮಿಸ್ ಪಂಕಜಾ ಬಂದು, ಚೇತನಾಳನ್ನು ಮುಟ್ಟದೆ ಸ್ಕೇಲಿನಿಂದ ಬೆನ್ನು ತಿವಿಯುತ್ತಾ ಸೈಕಲ್ ಸ್ಟ್ಯಾಂಡಿಗೆ ಅಟ್ಟಿದರು.

"ಮಿಸ್, ಅಕಿಗೆ ಏನೂ ಆಗಿಲ್ರೀ. ಒಂದ್ ಸೀನೂ ಬಂದಿಲ್ರಿ."

"ನೀವಿರೋ ಆ ತಗಡಿನ ಶೆಡ್‌ಗಳಿಂದಾನೇ ಕಣಮ್ಮ ಇದೆಲ್ಲ ಬರೋದು. ಪೇರೆಂಟ್ಸ್ ಕೇಳ್ತಿದಾರೆ. ಅಲ್ಲೇ ಕೂತ್ಕೊಳ್ಲಿ. ನಲ್ಲಿ ಮುಟ್ಬಾರ್ದು, ನೀರು ಮನೆಯಿಂದ ತರ್ಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆತ್ರೇಯ ಮೊದಲ ಬೆಂಚಿನಲ್ಲಿ ಕೂತಿದ್ದ. ನನ್ನ ಮಗಳು ಸ್ಕೂಟರುಗಳ ನಡುವೆ ನೆಲದ ಮೇಲೆ ಮಗ್ಗಿ ಬರೆಯುತ್ತಿದ್ದಳು.

ಶನಿವಾರ ಪೇರೆಂಟ್ಸ್ ಮೀಟಿಂಗು. ವೇದಿಕೆಯ ಮೇಜಿನ ಮೇಲೆ ಕಾಫಿ, ಹುರಿದ ಗೋಡಂಬಿ. ನನಗೆ ಹೊಸ ಬಿಳಿ ಬಟ್ಟೆ, ಗ್ಲೌಸು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದ್ದರು.

"ರೋಗ ತಂದವ್ರನ್ನ ಸಪರೇಟ್ ಮಾಡಿದೀವಿ," ಗೋಪೀನಾಥರು ಮೈಕಿನಲ್ಲಿ ಹೇಳಿದರು. "ಏಯ್ ಶಂಕ್ರವ್ವ, ಟೇಬಲ್ ಹೆಂಗ್ ಒರೆಸ್ತೀವಿ, ತೋರ್ಸು."

ಗ್ಲೌಸು ಬಿಚ್ಚಿದೆ. ಬಿಳಿ ಬಟ್ಟೆ ಅಲ್ಲೇ ಬಿಟ್ಟು, ಕಕ್ಕಸಿನ ಬಾಗಿಲಿಗೆ ನೇತುಹಾಕಿದ್ದ ಅದೇ ಹಳೆಯ ಬಟ್ಟೆಯನ್ನು ಬಕೀಟಿನ ಸಮೇತ ತಂದೆ. ಆ ಬೆಳಿಗ್ಗೆ ಮಕ್ಕಳು ಕಕ್ಕಿದ್ದು ಇನ್ನೂ ಬಕೀಟಿನಲ್ಲಿತ್ತು. ಅದ್ದಿದೆ, ಹಿಂಡಲಿಲ್ಲ. ಕಾಫಿ ಕಪ್ಪಿನ ಸುತ್ತ, ಗೋಡಂಬಿ ತಟ್ಟೆಯ ಸುತ್ತ, ಸಾಹೇಬರ ಮೊಣಕೈ ಕೆಳಗೆ ನಿಧಾನವಾಗಿ ಒರೆಸಿದೆ. ನಾತಕ್ಕೆ ಮುಂದಿನ ಸಾಲಿನಲ್ಲಿ ಒಬ್ಬಾಕೆ ಓಕರಿಸಿದಳು.

"ಥೂ! ಹಲ್ಕಾ ಮುಂಡೆ, ಏನೇ ಇದು?" ಸಾಹೇಬರು ಮೊಣಕೈ ಎಳೆದುಕೊಂಡರು.

"ನಿಮ್ಮ ಮಕ್ಕಳು ಉಣ್ಣೂ ಟೇಬಲ್ ದಿನಾ ಒರಸೂ ಅರಿವಿರೀ," ಎಂದೆ, ಮೈಕಿಗೆ ಬಾಯಿ ಹಚ್ಚಿ. "ಇದ ಒಂದ ಕೊಟ್ಟಾರ. ಮದಲ ಕಕ್ಕಿದಾವ ಸಾಹೇಬ್ರ ಮೊಮ್ಮಗ. ಅದನೂ ಇದರಾಗ ಒರಸೀನಿ."

ಮಕ್ಕಳ ನಲ್ಲಿಯಲ್ಲೇ ಕೈ ತೊಳೆದುಕೊಂಡೆ. ಸೈಕಲ್ ಸ್ಟ್ಯಾಂಡಿನಿಂದ ಚೇತನಾಳನ್ನು ಕ್ಲಾಸಿಗೆ ಕರೆದೊಯ್ದು ಮೊದಲ ಬೆಂಚಿನಲ್ಲಿ ಕೂರಿಸಿದೆ. ಬಕೀಟು ಪಕ್ಕದಲ್ಲಿಟ್ಟುಕೊಂಡು ಬಾಗಿಲಲ್ಲಿ ಕುಕ್ಕರಿಸಿದೆ. ಗೋಪೀನಾಥರು ಬೈಯುತ್ತಾ ಓಡಿ ಬಂದರು, ಹಿಂದೆ ಪಂಕಜಾ ಮಿಸ್.

ನಾನು ಬಟ್ಟೆಯನ್ನು ಮತ್ತೆ ಬಕೀಟಿಗೆ ಅದ್ದಿದೆ. ಇಬ್ಬರೂ ಮೂಗು ಹಿಡಿದು ಹೊಸ್ತಿಲ ಹೊರಗೇ ನಿಂತರು.